ಹತ್ತು ಮೀನು

ನೀಲಾಂಬಿಕೆ ಹಟಮಾರಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವಳಿಗೆ ಅಷ್ಟು ಹಟ ಇಲ್ಲದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಬೈಲಹೊಂಗಲದವಳು. ಅವರ ಮನೆಯೊಳಗೆ ಮೊಟ್ಟೆ ಕೂಡ ಬಂದದ್ದಿಲ್ಲ. ಅಂಥ ಮನೆಯ ಹೆಣ್ಣುಮಗಳು ಮೀನು ಓದಿದಳು. ಓದಿ, ಸಾಲ್ಮನ್ ಮೀನಿನ ಮೇಲೆ ಡಾಕ್ಟರೇಟ್ ಮಾಡಿದಳು. ಉತ್ತರದ ಯಾವುದೋ ತಣ್ಣನೆಯ ದೇಶದ ಹೊಳೆಯಲ್ಲಿ ಸೊಂಟದವರೆಗೆ ನಿಂತು, ಸಮುದ್ರದಿಂದ ತಾನು ಹುಟ್ಟಿದ ಹೊಳೆಗೆ ವಾಪಸು ಬರುವ ಆ ಮೀನು ಅಣೆಕಟ್ಟಿನ ಪಕ್ಕದ ಮೆಟ್ಟಿಲುಗಳನ್ನು ಹಾರಿ ಹಾರಿ ದಾಟುವುದನ್ನು ಕಣ್ತುಂಬ ನೋಡಿದಳು.

"ನಮ್ಮ ಹೊಳಿಗೂ ಇಂಥಾದ್ದೊಂದು ಬೇಕು" ಎಂದು ಅವತ್ತೇ ಮನಸ್ಸಿನಲ್ಲಿ ನಿಕ್ಕಿ ಮಾಡಿಕೊಂಡಳು.

ಊರಿಗೆ ಬಂದವಳು ಯಾರ್ಯಾರದೋ ಕೈಕಾಲು ಹಿಡಿದು ಕಟ್ಟಿಸಿಯೂ ಬಿಟ್ಟಳು. ಹೊಂಗೆಹೊಳೆಯ ಅಡ್ಡಕಟ್ಟಿನ ಪಕ್ಕದಲ್ಲಿ ಕಾಂಕ್ರೀಟಿನ ಮೆಟ್ಟಿಲು, ಮೆಟ್ಟಿಲಿಗೊಂದು ತೊಟ್ಟಿ, ತೊಟ್ಟಿಯಿಂದ ತೊಟ್ಟಿಗೆ ಧುಮುಕುವ ನೀರು. ಮೀನಿನ ಏಣಿ ಎಂದು ಅದರ ಹೆಸರು.

ಈ ಏಣಿ ಮಹಶೀರ್ ಮೀನಿಗಾಗಿ. ಊರವರು ಅದನ್ನು ದೇವರ ಮೀನು ಅನ್ನುತ್ತಾರೆ. ಮಳೆ ಹಿಡಿದು ಹೊಳೆ ಕೆಂಪಾದಾಗ ಅದು ಮೇಲಕ್ಕೆ ಹೊರಡುತ್ತದೆ, ಮೇಲಿನ ಜಲ್ಲಿಕಲ್ಲಿನ ಜಾಗದಲ್ಲಿ ಮೊಟ್ಟೆಯಿಡುತ್ತದೆ. ಅಡ್ಡಕಟ್ಟು ಎದ್ದ ಮೇಲೆ ಆ ಪ್ರಯಾಣ ನಿಂತಿತು. ಈಗ ಮೇಲೆ ಒಂದು ಮರಿಯೂ ಇಲ್ಲ. ಕೆಳಗೆ ಇರುವುದೆಲ್ಲ ವಯಸ್ಸಾದ ದೊಡ್ಡ ಮೀನು. ಇನ್ನು ಕೆಲವು ಮಳೆಗಾಲ ಹೀಗೇ ಕಳೆದರೆ ಹೊಂಗೆಹೊಳೆಯಲ್ಲಿ ಮಹಶೀರ್ ಅನ್ನುವುದು ಮುಗಿದ ಕತೆ.

ಏಣಿ ಕಟ್ಟಿದ ವರ್ಷ ಒಂದು ಮೀನೂ ಹತ್ತಲಿಲ್ಲ.

ಮರು ವರ್ಷ ಮಳೆ ಶುರುವಾದಾಗ ಅಡ್ಡಕಟ್ಟಿನ ಎಂಜಿನಿಯರ್ ಶ್ರೀಪಾದ ಕಾಮತ್ ನೀಲಾಳನ್ನು ಕರೆದು ನೇರವಾಗಿಯೇ ಹೇಳಿದರು. ಕೆಟ್ಟ ಮನುಷ್ಯರಲ್ಲ, ಕಟ್ಟಿದ ಗೋಡೆ ಬೀಳಬಾರದು ಅನ್ನುವುದೊಂದೇ ಚಿಂತೆ ಅವರಿಗೆ.

"ಮೇಡಂ, ಈ ಮಳೆಗಾಲ ಒಂದು ನೋಡುವ. ಮೀನು ಮೇಲೆ ಹೋದ್ರೆ, ಹೊಳೆಯ ಬೇರೆ ಅಡ್ಡಕಟ್ಟುಗಳಿಗೂ ಇದೇ ನಮೂನೆ ಏಣಿ. ಹೋಗದಿದ್ರೆ ಇದಕ್ಕೆ ಕಾಂಕ್ರೀಟ್ ಸುರಿದು ಮುಚ್ಚುದು. ಮತ್ತೆ ಹ್ಯಾಚರಿಯಲ್ಲಿ ಮೊಟ್ಟೆ ಒಡೆಸಿದ ಮರಿ ತಂದು ಬಿಟ್ರಾಯ್ತು."

"ಬ್ಯಾರೆ ಹೊಳಿ ಮರಿ ತಂದು ಇಲ್ಲಿ ಬಿಟ್ರ ನಮ್ಮ ಮೀನ ಎಲ್ಲಿ ಉಳೀತಾವ್ರೀ?" ಎಂದಳು ನೀಲಾ.

"ಹಾಗಾದ್ರೆ ನಿಮ್ಮ ಮೀನನ್ನು ಹತ್ತಿಸಿ ತೋರಿಸಿ."

ಅವಳು ಸೀದಾ ಗುರುಗಳ ಹತ್ತಿರ ಹೋದಳು.

ಗುರುಗಳೆಂದರೆ ಐತಪ್ಪ ಕುಂದರ್. ಮೀನುಗಾರಿಕೆ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಕಡಲ ದಡದ ಮೊಗವೀರರ, ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿದ ಮನುಷ್ಯ, ಮುದಿಪ್ರಾಯದಲ್ಲಿ ಹೊಳೆಯ ದಂಡೆಗೆ ಬಂದು ಹಂಚಿನ ಶೆಡ್ಡೊಂದರಲ್ಲಿ ಕೂತುಬಿಟ್ಟಿದ್ದರು. ಹಳೆಯ ಶಿಷ್ಯರು ಅದಕ್ಕೆ ಆಶ್ರಮ ಎಂದು ಹೆಸರಿಟ್ಟಿದ್ದರು. ಆಶ್ರಮದಲ್ಲಿ ದಿನವೂ ಬಂಗುಡೆ ಮೀನಿನ ಸಾರು. ನೀಲಾ ಬಂದಾಗ ಮಾತ್ರ ಬೇರೆ ಪಾತ್ರೆ, ಸೌತೆಕಾಯಿ ಹುಳಿ.

"ಸರ್, ಮೀನ ಏರವಲ್ಲವ್ರೀ" ಎಂದಳು, ಚಪ್ಪಲಿ ಬಿಡುವ ಮೊದಲೇ.

"ಎಂತ ಮಾರಾಯ್ತಿ, ಬಾಗಿಲಲ್ಲೇ ಶುರು ಮಾಡಿದ್ಯಾ? ಕೂತ್ಕೊ. ಚಾ ಕುಡಿ."

"ಚಾ ಆಮ್ಯಾಲೆ ಕುಡೀತೀನ್ರಿ. ಬುಡಕ್ಕ ಬಂದು ನಿಂದರತಾವ, ಸುತ್ತು ಹೊಡೀತಾವ, ಹೊಳ್ಳಿ ಹೋಗತಾವ. ನೀರಿನ ಲೆಕ್ಕಾ ಸರಿ ಐತಿ. ಎತ್ತರ ಸರಿ ಐತಿ. ಅಲ್ಲಿ ಸಾಲ್ಮನ್ ಇದಕ್ಕಿಂತ ಎತ್ತರದ ಮೆಟ್ಟಲಾ ಹಾರತಾವ. ಏನ್ ತಪ್ಪೈತಿ ಹೇಳ್ರಿ ಸರ್."

ಕುಂದರ್ ಮೇಷ್ಟ್ರು ಚಾ ಸೋಸಿದರು. ಸಕ್ಕರೆ ಹಾಕಿದರು. ನಿಧಾನವಾಗಿ ಕಲಸಿದರು. ಅವರ ನಿಧಾನ ನೋಡಿ ನೀಲಾಳಿಗೆ ಮೈಯೆಲ್ಲ ಉರಿಯಿತು.

"ನನಗೆ ಹತ್ತು ಮೀನು ತೋರ್ಸು" ಎಂದರು. "ಮತ್ತೆ ಮಾತಾಡುವ."

"ಅಷ್ಟ ಸಾಕೇನ್ರಿ?"

"ಅಷ್ಟು ಸಾಕು. ಅದೇ ಕಷ್ಟ."

ನೀಲಾ ಚಾ ಮುಟ್ಟದೆ ಎದ್ದು ಹೋದಳು.

ಮೊದಲು ಏಣಿಯ ಮೇಲೆ ಮಂಡಕ್ಕಿ ಎರಚಿದಳು. ಆ ಕಡೆಯ ದೇವಸ್ಥಾನಗಳ ಮಡುವಿನಲ್ಲಿ ಭಕ್ತರು ಮೀನಿಗೆ ಮಂಡಕ್ಕಿ ಹಾಕುವುದುಂಟು, ಮೀನಿಗೆ ಅದರ ರುಚಿ ಗೊತ್ತು. ಕೆಳಗಿನ ತೊಟ್ಟಿಯವರೆಗೆ ಮೀನು ನುಗ್ಗಿ ಬಂದವು. ಬಾಲ ಬಡಿದು, ಒಂದರ ಮೇಲೊಂದು ಬಿದ್ದು ತಿಂದವು. ಮಂಡಕ್ಕಿ ಮುಗಿಯಿತು. ಮೀನೂ ಹೋದವು.

ದಂಡೆಯಲ್ಲಿ ಕೊಡೆ ಹಿಡಿದು ನಿಂತಿದ್ದ ಮೇಷ್ಟ್ರು ಕೂಗಿದರು: "ಊಟಕ್ಕೆ ಬಂದ ನೆಂಟರನ್ನು ತೋರ್ಸಿ ಮನೆಯವರು ಅಂತ ಹೇಳ್ತೀಯಾ?"

"ನಗಬ್ಯಾಡ್ರಿ ಸರ್!"

"ನಗುದಲ್ಲ ಮಾರಾಯ್ತಿ. ಮಂಡಕ್ಕಿ ಗಾಳಿಗೆ ಮೆತ್ತಗಾಗ್ತದೆ, ಇದ್ರೆ ಸ್ವಲ್ಪ ನನಗೂ ಕೊಡು."

ಆಮೇಲೆ ನೀಲಾ ಅಡ್ಡಕಟ್ಟಿನ ಮೇಲ್ಗಡೆ ಮಡು ಮಡು ಹುಡುಕಿದಳು. ಬೇರೆ ಮೀನು ಬೇಕಾದಷ್ಟು ಇದ್ದವು. ಮಹಶೀರ್ ಒಂದೂ ಇಲ್ಲ. ಗುರುಗಳು ಇಲ್ಲದ್ದನ್ನು ಯಾಕೆ ಕೇಳಿದರು? ಅವಳ ತಲೆ ಕೆಟ್ಟುಹೋಯಿತು.

ತಲೆ ಕೆಟ್ಟವರು ಏನು ಮಾಡುತ್ತಾರೆ? ಇರುವ ಕಡೆಯಿಂದ ತರುತ್ತಾರೆ. ಬಲೆ ಹಾಕಿಸಿ, ಕೆಳಗಿನ ಮಡುವಿನಿಂದ ಮೀನು ಹಿಡಿಸಿ, ನೀಲಿ ಡ್ರಮ್ಮಿನಲ್ಲಿ ನೀರು ತುಂಬಿಸಿ, ಇಬ್ಬರು ಕೆಲಸದವರ ಹೆಗಲ ಮೇಲೆ ಅಡ್ಡಕಟ್ಟು ದಾಟಿಸಿದಳು. ಹಾಡುಹಗಲಲ್ಲೇ, ಯಾರಿಗೂ ಮುಚ್ಚಿಡದೆ. ಗುರುಗಳು ಕೇಳಿದ್ದಾರೆ, ತೋರಿಸಬೇಕು, ಅಷ್ಟೇ ಅವಳ ತಲೆಯಲ್ಲಿ. ಮೇಲಿನ ಮಡುವಿನ ಬಾಯಿಗೆ ಬಲೆ ಕಟ್ಟಿ ಮೀನುಗಳನ್ನು ಅದರೊಳಗೆ ಬಿಟ್ಟಳು. ಎಣಿಸಿದಳು. ಸರಿಯಾಗಿ ಹತ್ತು.

ಮೇಷ್ಟ್ರನ್ನು ಕರೆತರಲು ಹೊರಡಬೇಕು, ಅಷ್ಟರಲ್ಲಿ ಜೀಪಿನಲ್ಲಿ ಕಾಮತ್ ಬಂದರು. ಮಡುವಿನೊಳಗೆ ಬಗ್ಗಿ ನೋಡಿದರು. ನೀರಲ್ಲಿ ಹೊಂಬಣ್ಣದ ದೊಡ್ಡ ದೊಡ್ಡ ಬೆನ್ನು.

"ಓಹೋ! ಮಹಶೀರ್! ಮೇಲೆ ಬಂದವಾ!"

ನೀಲಾ ಬಾಯಿ ತೆರೆದಳು.

"ಕಂಗ್ರಾಜುಲೇಷನ್ಸ್ ಮೇಡಂ! ನಿಮ್ಮ ಏಣಿ ಗೆದ್ದಿತು! ನಾನು ಈಗಲೇ ಮೇಲಿನವರಿಗೆ ಫೋನ್ ಮಾಡ್ತೇನೆ. ಎಲ್ಲ ಅಡ್ಡಕಟ್ಟಿಗೂ ಮಂಜೂರು ಮಾಡಿಸುವ."

ತೆರೆದ ಬಾಯಿಯನ್ನು ಅವಳು ಹಾಗೆಯೇ ಮುಚ್ಚಿಕೊಂಡಳು. ಯಾಕೆ ಅಂತ ಕೇಳಬೇಡಿ. ಗೆದ್ದೆ ಅನ್ನುವ ಮಾತನ್ನು ಅವಳು ಎಷ್ಟೋ ಕಾಲದಿಂದ ಕೇಳಿರಲಿಲ್ಲ. ಕಾಮತರ ಜೀಪು ಹೋಯಿತು.

ಮೇಷ್ಟ್ರು ಬಂದು ಮಡುವಿನ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತರು.

"ಇದೆಂತದು?"

"ಹತ್ತು ಮೀನ ಸರ್. ನೀವ ಕೇಳಿದ್ರೆಲ್ಲಾ?"

ಮೇಷ್ಟ್ರು ಅವಳ ಮುಖ ನೋಡಿದರು, ಮೀನಿನ ಕಡೆ ನೋಡಿದರು. ಮತ್ತೆ ಅವಳ ಮುಖ ನೋಡಿದರು.

"ಎಣಿಸಿದ್ಯಾ?"

"ಹೌದ್ರಿ. ಒಂದೂ ಕಡಿಮಿ ಇಲ್ಲ."

ಮೇಷ್ಟ್ರಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೊಡೆ ಕೈಜಾರಿ ಹೊಳೆಗೆ ಬೀಳುವುದರಲ್ಲಿತ್ತು.

"ಅಯ್ಯೋ ದೇವರೇ! ನಾನು ಕೇಳಿದ್ದು ಹತ್ತುವ ಮೀನು ಮಾರಾಯ್ತಿ! ಹತ್ತು ಮೀನು!"

ಪಾಪ, ಇದರಲ್ಲಿ ನೀಲಾಳ ತಪ್ಪೇನೂ ಇಲ್ಲ. ಕರಾವಳಿಯಲ್ಲಿ, ಘಟ್ಟದ ಬುಡದಲ್ಲಿ, ಮೊದಲ ಮಳೆಗೆ ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ನೀರಿಗೆದುರಾಗಿ ಹತ್ತಿ ಬರುವ ಮೀನಿಗೆ ಹತ್ತುಮೀನು ಅನ್ನುತ್ತಾರೆ. ಅದನ್ನು ಹಿಡಿಯಲು ಊರಿಗೆ ಊರೇ ನೀರಿಗಿಳಿಯುತ್ತದೆ. ಬೈಲಹೊಂಗಲದ ಜೋಳದ ಹೊಲಕ್ಕೆ ಮೀನು ಎಲ್ಲಿಂದ ಹತ್ತಬೇಕು? ಅಲ್ಲಿ ಜನ ಬಸ್ಸು ಹತ್ತುತ್ತಾರೆ. ಮೀನಿನ ಮುಂದೆ ಹತ್ತು ಅಂದರೆ ಒಂಬತ್ತರ ನಂತರದ ಲೆಕ್ಕ, ಅಷ್ಟೇ.

ನಗು ನಿಂತಿತು. ನಿಂತ ಮೇಲೆ ಮೇಷ್ಟ್ರು ನೀರಿಗೆ ಕೈ ಇಟ್ಟರು. ಒಂದು ದೊಡ್ಡ ಹೆಣ್ಣು ಮೀನು ಓರೆಯಾಗಿ ನಿಂತಿತ್ತು. ಡ್ರಮ್ಮಿಗೆ ಉಜ್ಜಿ ಅದರ ಮೈಮೇಲಿನ ಹುರುಪೆ ಎದ್ದಿತ್ತು.

"ಇದು ಹತ್ತಿದ್ದಾ?" ಎಂದರು. "ಅಲ್ಲ ನೀನು ಹೊತ್ತದ್ದಾ?"

ನೀಲಾ ತಲೆ ತಗ್ಗಿಸಿದಳು.

"ಹೊತ್ತಿದ್ದು ಸರ್."

"ಹಾಂ."

"ಸರ್, ಕಾಮತರು ಬಂದಿದ್ರು. ಅವೇ ಏರಿ ಬಂದಾವ ಅಂತ ತಿಳಕೊಂಡ್ರು. ನಾ ಸುಮ್ಮನ ನಿಂತೆ. ಎಲ್ಲಾ ಕಟ್ಟಿಗೂ ಇದ ಏಣಿ ಕಟ್ಟಸ್ತಾರಂತ."

ಮೇಷ್ಟ್ರು ಎದ್ದು ಮಡುವಿನ ಬಾಯಿಗೆ ಕಟ್ಟಿದ್ದ ಬಲೆ ಬಿಚ್ಚಿದರು. ಮೀನು ಒಂದೊಂದಾಗಿ ಹೊಳೆ ಸೇರಿದವು. ಬಲೆ ಮಡಚಿ ಅವಳ ಕೈಗೆ ಕೊಟ್ಟು, ಮನೆಯ ದಾರಿ ಹಿಡಿದರು.

ಅವರು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎಂದು ನೀಲಾ ಆಮೇಲೆ ಹೇಳುತ್ತಿದ್ದಳು.

ಒದ್ದೆ ಬಟ್ಟೆಯಲ್ಲೇ ಅವಳು ಕಾಮತರ ಆಫೀಸಿಗೆ ಹೋದಳು. ಬಾಗಿಲಲ್ಲೇ ನಿಂತು ಹೇಳಿದಳು: "ಸಾಹೇಬ್ರ, ಆ ಮೀನ ಏರಿದ್ದಲ್ರಿ. ನಾ ಡ್ರಮ್ಮಿನ್ಯಾಗ ಹೊರಿಸಿ ತಂದಿದ್ದು. ಆಗಲೇ ಹೇಳಬೇಕಾಗಿತ್ತು. ಹೇಳಲಿಲ್ಲ. ಈ ಏಣಿ ಬ್ಯಾರೆ ಎಲ್ಲೂ ಕಟ್ಟಿಸಬ್ಯಾಡ್ರಿ."

ಕಾಮತರ ಮುಖ ಸಣ್ಣದಾಯಿತು. ಫೋನು ಆಗಲೇ ಮಾಡಿಯಾಗಿತ್ತು. ಮೇಲಿನವರು ಭೇಷ್ ಅಂದಿದ್ದರು.

"ನನ್ನ ಮರ್ಯಾದೆ ತೆಗೆದಿರಿ ಮೇಡಂ" ಎಂದರು. "ಸೋಮವಾರ ಕಾಂಕ್ರೀಟ್ ಲಾರಿ ಬರ್ತದೆ. ಏಣಿ ಮುಚ್ಚಿಸ್ತೇನೆ. ಇನ್ನು ಮಾತು ಬೇಡ."

ಅವಳು ದಾರಿಯುದ್ದಕ್ಕೂ ಅತ್ತಳು. ಆಶ್ರಮ ತಲುಪುವ ಹೊತ್ತಿಗೆ ಅಳು ಹೋಗಿ ಸಿಟ್ಟು ಉಳಿದಿತ್ತು. ಸಿಟ್ಟಿನ ಕೆಳಗೆ ಅದೇ ಹಳೆಯ ಹಟ.

"ಸರ್, ಹತ್ತುವ ಮೀನ ಎಲ್ಲಿ ಅದಾವ? ತೋರಸ್ರಿ."

ಮೇಷ್ಟ್ರು ಕೊಡೆ ತೆಗೆದುಕೊಂಡರು. "ಈಗ ನಿನಗೆ ಚಾ ಬೇಡ ಅಂತ ಗೊತ್ತಾಯ್ತು. ಬಾ."

ಹೊಳೆಗಲ್ಲ, ಗದ್ದೆಗೆ ಕರೆದುಕೊಂಡು ಹೋದರು. ಎರಡು ಗದ್ದೆಯ ನಡುವೆ ಪುಟ್ಟ ತೋಡು. ಮೇಲಿನ ಗದ್ದೆಯ ನೀರು ಒಂದು ಓರೆ ಬಂಡೆಯ ಮೇಲೆ ತೆಳ್ಳಗೆ ಹರಿದು ಕೆಳಗಿಳಿಯುತ್ತಿತ್ತು. ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು.

"ಇಲ್ಲಿ ಏನ್ರಿ ಐತಿ?"

"ನನ್ನನ್ನು ಕೇಳ್ಬೇಡ. ಅದನ್ನು ಕೇಳು" ಎಂದು ನೀರು ತೋರಿಸಿ, ಬದುವಿನ ಮೇಲೆ ಕೊಡೆ ಹಿಡಿದು ಕೂತರು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಕೂತಲ್ಲೇ, ಕೊಡೆ ಹಿಡಿದ ಕೈ ಹಿಡಿದಂತೆಯೇ ನಿದ್ದೆ!

ನೀಲಾ ಕೂತು ನೋಡಿದಳು. ಏನೂ ಕಾಣಲಿಲ್ಲ. ಕೆಸರಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ಬಂಡೆಯ ಮಟ್ಟಕ್ಕೆ ಕಣ್ಣಿಟ್ಟು ನೋಡಿದಳು.

ಆಗ ಕಂಡವು. ಬೆರಳುದ್ದದ ಮೀನು.

ಒಂದು ಬಂದು ಬಂಡೆಯ ಬುಡದಲ್ಲಿ, ಒಂದು ಕಲ್ಲಿನ ಮರೆಗೆ ನಿಂತಿತು. ಸುಮ್ಮನೆ ನಿಂತಿತು. ಆಮೇಲೆ ಸರಕ್ಕನೆ ಮೇಲಕ್ಕೆ ಹೋಗಿ ಇನ್ನೊಂದು ಕಲ್ಲಿನ ಮರೆ ಸೇರಿತು. ಮತ್ತೆ ನಿಂತಿತು. ಮಧ್ಯದ ರಭಸದ ನೀರಿನ ಹತ್ತಿರ ಅದು ಸುಳಿಯಲೇ ಇಲ್ಲ. ಅಂಚಿನಲ್ಲಿ, ಕಲ್ಲಿಗೆ ಉಜ್ಜಿ ನೀರು ಮೆತ್ತಗಾಗುವ ಕಡೆ ಮಾತ್ರ ಅದರ ದಾರಿ. ನೀರು ಎಷ್ಟು ತೆಳ್ಳಗಿತ್ತೆಂದರೆ ಅರ್ಧ ಬೆನ್ನು ಹೊರಗೇ ಇತ್ತು. ಹೊಟ್ಟೆ ಬಂಡೆಗೆ ತಾಗಿಸಿಕೊಂಡೇ ಹೋಗುತ್ತಿತ್ತು.

ಒಂದಾದರೂ ಹಾರಲಿಲ್ಲ.

ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು. ಕೆಲವು ಜಾರಿ ಕೆಳಗೆ ಬಿದ್ದವು, ಬಿದ್ದು ಪುನಃ ಬಂದವು. ನೀಲಾ ಉಸಿರು ಬಿಗಿಹಿಡಿದು ನೋಡಿದಳು. ಒಂದು ಮೀನು ಮೇಲಿನ ಗದ್ದೆ ಸೇರಿದಾಗ "ಹೋತು! ಹೋತು!" ಎಂದು ಕೂಗಿಬಿಟ್ಟಳು.

ಮೇಷ್ಟ್ರಿಗೆ ಎಚ್ಚರವಾಯಿತು.

ಕೆಸರು ಮೆತ್ತಿದ ಮುಖ ಎತ್ತಿ ನೀಲಾ ಕೇಳಿದಳು: "ಸರ್, ಮೀನಿನ ಏಣಿ, ಮೀನಿನ ಏಣಿ ಅಂತೀವಲ್ಲಾ. ಅದಕ್ಕ ಏಣಿ ಅಂತ ಹೆಸರಿಟ್ಟವ್ರು ಯಾರ್ರಿ?"

"ಮೀನಲ್ಲ" ಎಂದರು ಮೇಷ್ಟ್ರು.

ಅವಳು ಎದ್ದು ಕೂತಳು. ಮಳೆ ಅವಳ ಮುಖದ ಕೆಸರು ತೊಳೆಯುತ್ತಿತ್ತು.

"ಏಣಿ ಅಂದ ಕೂಡಲೆ ನಾ ಮೆಟ್ಟಲಾ ಕಟ್ಟಿಸಿದೆ. ಸಾಲ್ಮನ್ ಹಾರತೈತಿ, ಇದೂ ಹಾರಲಿ ಅಂದೆ. ಇದಕ್ಕ ಹಾರೂದು ಬ್ಯಾಡಾಗಿತ್ತು. ಇದಕ್ಕ ನಿಂದ್ರಾಕ ಜಾಗಾ ಬೇಕಾಗಿತ್ತು."

ಮೇಷ್ಟ್ರು ಕೊಡೆ ಕೊಡವಿದರು. "ಹಸಿವಾಗ್ತದೆ" ಎಂದರು. "ಹುಳಿ ಉಂಟು, ನಡಿ."

ಮರುದಿನ ಅವಳು ಕಾಮತರ ಮುಂದೆ ನಿಂತಳು.

"ಮತ್ತೆಂತ ಮೇಡಂ?"

"ಸೋಮವಾರ ನೀವು ಮುಚ್ಚತೀರಿ. ಅದಕ್ಕಿಂತ ಮೊದಲ ನಾ ಅದನ್ನ ಒಡೀತೀನ್ರಿ."

ಕಾಮತ್ ಕನ್ನಡಕ ತೆಗೆದರು. "ನೀವು ಕಟ್ಟಿಸಿದ್ದನ್ನು ನೀವೇ ಒಡೀತೀರಾ?"

"ಮೆಟ್ಟಲಾ ಅಷ್ಟ ಒಡೀತೀನ್ರಿ. ನಿಮ್ಮ ಗ್ವಾಡಿ ಮುಟ್ಟೂದಿಲ್ಲ. ಒಳಗ ಕಲ್ಲ ತುಂಬಿ ಓರೆ ಮಾಡತೀನಿ, ಹೊಳಿ ತಳದ ಹಂಗ."

"ಹೋದ ವರ್ಷವೂ ಹೀಗೇ ಮಾತಾಡಿದ್ರಿ."

"ಹೋದ ವರ್ಷ ಗೊತ್ತಿತ್ತು ಅಂತ ಮಾತಾಡಿದೆ. ಈಗ ನೋಡಿ ಮಾತಾಡಾಕತ್ತೀನಿ."

ಕಾಮತ್ ಅವಳನ್ನೇ ನೋಡಿದರು. ನಿನ್ನೆ ಒದ್ದೆ ಬಟ್ಟೆಯಲ್ಲಿ ಬಂದು ತನ್ನ ಸುಳ್ಳು ತಾನೇ ಒಪ್ಪಿಕೊಂಡ ಹೆಂಗಸು. ಅವಳ ಮೇಲೆ ಅವರ ಸಿಟ್ಟು ಇಳಿದಿರಲಿಲ್ಲ. ಆದರೂ ಅವಳ ಮಾತು ನಂಬುವುದು ಈಗ ಮೊದಲಿಗಿಂತ ಸುಲಭವಾಗಿತ್ತು.

"ಲಾರಿ ಮಾತ್ರ ಸೋಮವಾರ ಬರ್ತದೆ" ಎಂದರು.

"ಬರ್ಲಿ ಬಿಡ್ರಿ."

ಏಣಿಯ ಮೇಲಿನ ಬಾಯಿಗೆ ಹಲಗೆ ಇಟ್ಟು ನೀರು ನಿಲ್ಲಿಸಿದರು. ಕೆಲಸದವರು ಸಬ್ಬಲ್ಲು, ಸುತ್ತಿಗೆ ತಂದರು. ಆದರೆ ಮೊದಲ ಏಟು ನಾನೇ ಹಾಕಬೇಕು ಎಂದಳು ನೀಲಾ.

ಅದೇ ಕಾಂಕ್ರೀಟು ಹಾಕಿದ ದಿನ ಅವಳು ಊರಿಗೆಲ್ಲ ಪೇಡೆ ಹಂಚಿದ್ದಳು. ಮೊದಲ ಏಟಿಗೆ ಒಂದು ಚಕ್ಕೆ ಮಾತ್ರ ಎದ್ದಿತು. ಅವಳ ಕೈ ಜುಮ್ ಅಂದಿತು. ಎರಡನೆಯದನ್ನು ಹಲ್ಲುಕಚ್ಚಿ ಹಾಕಿದಳು.

"ನೋವಾಗ್ತದಾ?" ದಂಡೆಯಿಂದ ಮೇಷ್ಟ್ರು ಕೇಳಿದರು.

"ಆಗತೈತ್ರಿ!"

"ಆಗ್ಲಿ. ಹೊಡಿ."

ಹೊಡೆದಳು. ಶನಿವಾರ ಹೊತ್ತು ಕಂತುವ ಮೊದಲು ಮೆಟ್ಟಿಲುಗಳೆಲ್ಲ ಪುಡಿಯಾಗಿದ್ದವು. ಭಾನುವಾರ ಹೊಳೆಯ ಉರುಟು ಕಲ್ಲುಗಳನ್ನು ಟ್ರ್ಯಾಕ್ಟರಿನಲ್ಲಿ ತಂದು, ದೊಡ್ಡದರ ಮರೆಗೆ ಸಣ್ಣದು, ಸಣ್ಣದರ ಮರೆಗೆ ಜಾಗ ಬಿಟ್ಟು ಕೂರಿಸುತ್ತ ಹೋದರು. ಮೇಲಿನಿಂದ ಕೆಳಗೆ ಒಂದೇ ಇಳಿಜಾರು. ನೀಲಾಳ ಅಂಗೈ ಬೊಬ್ಬೆ ಎದ್ದು ಒಡೆದಿತ್ತು. ಮೇಷ್ಟ್ರು ತೆಂಗಿನೆಣ್ಣೆ ಹಚ್ಚಿ ಬಟ್ಟೆ ಸುತ್ತಿದರು. ಸುತ್ತುವಾಗ ಅವರ ಕಣ್ಣು ಒದ್ದೆಯಾದದ್ದನ್ನು ಅವಳು ನೋಡಿದಳು. ನೋಡಿಲ್ಲವೆಂಬಂತೆ ಮುಖ ತಿರುಗಿಸಿದಳು.

ಬಲದಂಡೆಯ ಕಡೆ ಮೂಲೆಯೊಂದು ಉಳಿಯಿತು. ಕಲ್ಲು ಮುಗಿದಿತ್ತು. ಟ್ರ್ಯಾಕ್ಟರಿನವನು ಇನ್ನೊಂದು ಬಾಡಿಗೆಗೆ ಹೊರಟುಹೋಗಿದ್ದ. ಅಲ್ಲಿ ಒಡೆದ ಕಾಂಕ್ರೀಟಿನ ಪುಡಿ, ಮರಳು, ಒಂದಿಷ್ಟು ಬೇರು ಬಿದ್ದುಕೊಂಡಿತ್ತು.

"ಛೇ, ಅಷ್ಟು ಕೆಲಸ ಹೊಲಸಾತು" ಎಂದು ನೀಲಾ ಪೇಚಾಡಿದಳು.

ಹಲಗೆ ತೆಗೆದರು. ನೀರು ಕಲ್ಲುಗಳ ನಡುವೆ ನುಗ್ಗಿ ಇಳಿಯಿತು.

ಸೋಮವಾರ ಬೆಳಿಗ್ಗೆ ಮಳೆ ಬಿಟ್ಟು ಹೊಳವಾಯಿತು. ನೀರು ಸ್ವಲ್ಪ ಇಳಿದು ತಿಳಿಯಾಗಿತ್ತು. ನೀಲಾ ದಂಡೆಯಲ್ಲಿ ಹೊಟ್ಟೆಯ ಮೇಲೆ ಮಲಗಿದ್ದಳು. ಪಕ್ಕದಲ್ಲಿ ಮೇಷ್ಟ್ರು ಮುಂಡು ಮಡಚಿ ಕಟ್ಟಿ ಕೂತಿದ್ದರು.

ಕೆಳಗಿನ ಮಡುವಿನಲ್ಲಿ ಮೀನು ಬಂದು ಸೇರಿದವು. ಕಲ್ಲಿನ ಬುಡಕ್ಕೆ ಬಂದವು. ಸುತ್ತು ಹೊಡೆದವು.

ಹಿಂದೆ ಹೋದವು.

"ಸರ್" ಎಂದಳು ನೀಲಾ.

"ಮಾತಾಡ್ಬೇಡ."

ರಸ್ತೆಯ ಕಡೆಯಿಂದ ಸದ್ದು ಕೇಳಿಸಿತು. ಮಿಕ್ಸರಿನ ಹೊಟ್ಟೆ ತಿರುಗಿಸುತ್ತ, ಗರಗರ ಅನ್ನುತ್ತ ಕಾಂಕ್ರೀಟಿನ ಲಾರಿ ಬಂದು ದಂಡೆಯಲ್ಲಿ ನಿಂತಿತು. ಅದರ ಹಿಂದೆ ಕಾಮತರ ಜೀಪು. ಕಾಮತ್ ಇಳಿದು ಬಂದರು. ನೆಲದ ಮೇಲೆ ಮಲಗಿದ್ದ ನೀಲಾಳನ್ನು ನೋಡಿ, ಏನು ಹೇಳಬೇಕೋ ತಿಳಿಯದೆ ಗಡಿಯಾರ ನೋಡಿಕೊಂಡರು.

"ಮೇಡಂ, ಏಳಿ. ಇನ್ನು ಸಾಕು."

"ಏಳೂದಿಲ್ರಿ."

"ಮಿಕ್ಸ್ ಬಂದಾಗಿದೆ. ಕಾಯ್ಲಿಕ್ಕೆ ಆಗೂದಿಲ್ಲ."

"ಸುರೀಬೇಕಾದ್ರ ನನ್ನ ಮ್ಯಾಲೆ ಸುರೀರಿ."

ಮೇಷ್ಟ್ರು ಬೆರಳು ಚಾಚಿದರು. ಅಷ್ಟೇ.

ಅವಳು ಕೂರಿಸಿದ ಕಲ್ಲುಗಳ ಕಡೆಗಲ್ಲ. ಬಲದಂಡೆಯ ಆ ಮೂಲೆಗೆ, ಪುಡಿ ಮರಳು ಬೇರು ಬಿದ್ದಿದ್ದ ಕಡೆಗೆ. ಅಲ್ಲಿ ನೀರು ಮೊಣಕಾಲಿಗಿಂತ ಕಡಿಮೆ ಇತ್ತು. ಆ ನೀರಿನಿಂದ ಒಂದು ಬೆನ್ನು ಹೊರಗೆ ಕಾಣುತ್ತಿತ್ತು.

ಬೆನ್ನು ಅಲುಗಲಿಲ್ಲ. ಬೇರಿನ ಮರೆಯಲ್ಲಿ ನಿಂತಿತ್ತು. ಕಾಮತ್ ಕೂಡ ಉಸಿರು ಬಿಡಲಿಲ್ಲ. ಬಾಲ ಒಮ್ಮೆ ಬೀಸಿತು, ನೀರು ಸಿಡಿಯಿತು, ಮೀನು ಒಂದಾಳುದ್ದ ಮೇಲೆ ಹೋಗಿ ಒಡೆದ ಕಾಂಕ್ರೀಟಿನ ತುಂಡೊಂದರ ಹಿಂದೆ ನಿಂತಿತು. ಮತ್ತೆ ಬಾಲ. ಮತ್ತೆ ಮರೆ. ಒಮ್ಮೆ ಜಾರಿ ಅರ್ಧ ಕೆಳಗೆ ಬಂತು. ನೀಲಾ ತನ್ನ ಕೈ ತಾನೇ ಕಚ್ಚಿಕೊಂಡಳು. ಮೀನು ಪುನಃ ಹೊರಟಿತು. ಮೇಲಿನ ಬಾಯಿಯ ಹತ್ತಿರ ನೀರು ಅದನ್ನು ತಡೆಯಿತು. ಮೀನು ಅಡ್ಡ ಮಲಗಿ, ಹೊಟ್ಟೆಯನ್ನು ಕಲ್ಲಿಗೆ ಒತ್ತಿ, ಒಮ್ಮೆಲೇ ಮೈ ಝಾಡಿಸಿತು.

ಅಡ್ಡಕಟ್ಟಿನ ಮೇಲ್ಗಡೆಯ ತಿಳಿನೀರಿನಲ್ಲಿ ಒಂದು ಹೊಂಬಣ್ಣದ ಗೆರೆ ಹೋಯಿತು. ಹೋಗಿ ಮರೆಯಾಯಿತು.

ಕಾಮತ್ ಎಂಜಿನಿಯರು, ಪ್ಯಾಂಟು ಕೆಸರಾಗುವುದನ್ನೂ ನೋಡದೆ ನೆಲಕ್ಕೆ ಕೂತುಬಿಟ್ಟರು.

"ಹಾರ್ಲಿಲ್ಲ ಅಲ್ವಾ ಅದು!" ಎಂದರು. "ನಡ್ಕೊಂಡು ಹೋದ ಹಾಗೆ ಹೋಯ್ತಲ್ಲ ಮಾರಾಯ್ರೆ!"

ಅದರ ಹಿಂದೆ ಇನ್ನೊಂದು ಬೆನ್ನು ಬೇರಿನ ಮರೆಗೆ ಬಂದು ನಿಂತಿತು.

ನೀಲಾ ಅಳುತ್ತಿದ್ದಳು, ನಗುತ್ತಿದ್ದಳು. ಬಟ್ಟೆ ಸುತ್ತಿದ ಕೈಯಲ್ಲಿ ಮೇಷ್ಟ್ರ ಕಾಲು ಮುಟ್ಟಿದಳು. ಅವರು "ಏ, ಬಿಡು ಬಿಡು" ಎಂದು ಕಾಲು ಹಿಂದಕ್ಕೆ ಎಳೆದುಕೊಂಡರು.

ಕಾಮತ್ ಎದ್ದು ನಿಂತರು. "ಇದು ಮುಚ್ಚುದಿಲ್ಲ" ಎಂದರು. "ನನ್ನ ಮೇಲೆ ಏನು ಬಂದರೂ ಬರ್ಲಿ, ಮುಚ್ಚುದಿಲ್ಲ. ಮೇಡಂ, ಬೇರೆ ಅಡ್ಡಕಟ್ಟುಗಳಿಗೂ ನಕ್ಷೆ ಮಾಡಿ ಕೊಡಿ."

ಲಾರಿಯ ಡ್ರೈವರು ಇಳಿದು ಬಂದು ಮೀನು ನೋಡುತ್ತ ನಿಂತಿದ್ದ. ಅವನ ಹಿಂದೆ ಲಾರಿಯ ಹೊಟ್ಟೆ ಗರಗರ ತಿರುಗುತ್ತಲೇ ಇತ್ತು.

ನೀಲಾ ಕಣ್ಣೊರೆಸಿಕೊಂಡು ಎದ್ದಳು. ಮುಖ ಬೆಳಗುತ್ತಿತ್ತು. "ಸರ್, ಈಗ ನನಗ ಪೂರ್ತಿ ಗೊತ್ತಾತ್ರಿ! ದಂಡಿ ಕಡೆ ಮೂಲಿ, ಮೊಣಕಾಲಿಗಿಂತ ಕಡಿಮಿ ನೀರು, ಬೇರು, ಒಡದ ತುಂಡು. ಇದ ಅಳತಿ. ಇನ್ನ ಎಲ್ಲಾ ಹೊಳಿಗೂ, ಎಲ್ಲಾ ಮೀನಿಗೂ ಹಿಂಗ ಕಟ್ಟೂದು. ಇವತ್ತ ನಕ್ಷೆ ಹಾಕತೀನಿ!"

ಮೇಷ್ಟ್ರು ಬೇರಿನ ಮರೆಗೆ ಬಂದ ಆ ಇನ್ನೊಂದು ಬೆನ್ನನ್ನೇ ನೋಡುತ್ತಿದ್ದರು.

ಡ್ರೈವರು ತಲೆ ಕೆರೆದುಕೊಂಡ. "ಸಾರ್, ಕಾಂಕ್ರೀಟ್ ಸುರಿಯೂದಿಲ್ಲ ಅಂದ್ರೆ, ಇದು ಸುಮ್ಮನೆ ಯಾಕೆ ತಿರುಗಬೇಕು? ನಿಲ್ಲಿಸಿಬಿಡಲಾ?"

ಮೇಷ್ಟ್ರು ಡ್ರೈವರನ ಕಡೆ ನೋಡಿದರು. ಆಮೇಲೆ ನೀಲಾಳ ಕಡೆ ನೋಡಿದರು. ಅವಳ ಮೇಲಿಂದ ಕಣ್ಣು ತೆಗೆಯದೆ ಡ್ರೈವರನಿಗೆ ಹೇಳಿದರು:

"ನಿಲ್ಲಿಸ್ಬೇಡ ಮಾರಾಯ. ನಿಂತ್ರೆ ಗಟ್ಟಿಯಾಗ್ತದೆ."